ಅಟ್ಟದ ಮೇಲಿನ ಕ್ಯಾಸೆಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲ ಹಾಡೂ ಈಗ ಫೋನಿನಲ್ಲೇ ಸಿಗುತ್ತದಲ್ಲ, ಹಳೆ ಕ್ಯಾಸೆಟ್ ಯಾಕೆ ಇಟ್ಟುಕೊಳ್ಳಬೇಕು?

ಅಂಗಡಿಯಿಂದ ಕೊಂಡು ತಂದ ಕ್ಯಾಸೆಟ್ ಆದರೆ ಆತುರವಿಲ್ಲ. ಚಿತ್ರಗೀತೆ, ಭಾವಗೀತೆ, ದೇವರನಾಮದ ಕ್ಯಾಸೆಟ್‌ಗಳು ಸಾವಿರಗಟ್ಟಲೆ ಅಚ್ಚಾಗಿವೆ. ನಿಮ್ಮದು ಹಾಳಾದರೂ ಇನ್ನೊಬ್ಬರ ಮನೆಯಲ್ಲಿ ಒಂದಿರುತ್ತದೆ. ಮನೆಯಲ್ಲಿ, ಊರಲ್ಲಿ ರೆಕಾರ್ಡ್ ಮಾಡಿದ್ದರ ಕಥೆ ಬೇರೆ. ಅಜ್ಜಿ ಹಾಡಿದ ಸೋಬಾನೆ ಪದ, ಗದ್ದೆಯಲ್ಲಿ ನಡೆದ ಬಯಲಾಟ, ಗಣೇಶನ ಪೆಂಡಾಲಿನ ಹರಿಕಥೆ, ದುಬೈಗೆ ಹೋದ ಮಗನಿಗೆಂದು ಅಪ್ಪ ಮಾತಾಡಿ ಕಳಿಸಿದ ಕ್ಯಾಸೆಟ್ ಪತ್ರ, ಇವೆಲ್ಲಕ್ಕೂ ಇರುವುದು ಒಂದೇ ಪ್ರತಿ. ಅದು ಹೋದರೆ ಆ ದನಿ ಹೋದಂತೆ. ಈ ಪುಟ ಮುಖ್ಯವಾಗಿ ಅಂಥ ಕ್ಯಾಸೆಟ್‌ಗಳಿಗಾಗಿ.

ಗ್ರಾಮಫೋನ್, ರೇಡಿಯೋ, ಕ್ಯಾಸೆಟ್, ಸಿಡಿ: ಒಂದರಿಂದ ಇನ್ನೊಂದಕ್ಕೆ ಬಂದಾಗ ನಿಜವಾಗಿ ಬದಲಾಗಿದ್ದೇನು?

ಮೊದಲು ಬದಲಾಗಿದ್ದು ಅವಧಿ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿ ಮುದ್ರಿಸಿಕೊಂಡಿತು. ಆ ಕಾಲದ 10 ಇಂಚಿನ 78 ಸುತ್ತಿನ ಪ್ಲೇಟಿನ ಒಂದು ಮುಖಕ್ಕೆ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ಗಂಟೆಗಟ್ಟಲೆ ಹಾಡುವವರು ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸಿ ಕೊಡಬೇಕಿತ್ತು. 1948ರಲ್ಲಿ ಬಂದ ಎಲ್‌ಪಿ, ಅಂದರೆ ಲಾಂಗ್ ಪ್ಲೇ ತಟ್ಟೆ, ಇದನ್ನು ಮುಖಕ್ಕೆ 20 ನಿಮಿಷದ ಮೇಲಕ್ಕೆ ಏರಿಸಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಪುಟ್ಟ ಕ್ಯಾಸೆಟ್‌ನಲ್ಲಿ 60 ನಿಮಿಷ, ಆಮೇಲೆ 90 ನಿಮಿಷ ಹಿಡಿಯಿತು. ಹರಿಕಥೆ, ತಾಳಮದ್ದಳೆ, ಪೂರ್ತಿ ನಾಟಕ, ಇವೆಲ್ಲ ಮಾರಾಟಕ್ಕೆ ಬರುವಂತಾದದ್ದು ಈ ಅವಧಿಯ ದೆಸೆಯಿಂದ.

ಎರಡನೆಯದು ಇನ್ನೂ ದೊಡ್ಡದು: ರೆಕಾರ್ಡ್ ಮಾಡುವ ಗುಂಡಿ ಯಾರ ಕೈಯಲ್ಲಿತ್ತು ಎಂಬುದು. ಪ್ಲೇಟನ್ನು ಮನೆಯಲ್ಲಿ ಮಾಡಿಕೊಳ್ಳಲಾಗುತ್ತಿರಲಿಲ್ಲ. ರೇಡಿಯೋದಲ್ಲಿ ಬಂದದ್ದು ಗಾಳಿಯಲ್ಲಿ ಬಂದು ಗಾಳಿಯಲ್ಲೇ ಹೋಗುತ್ತಿತ್ತು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದಾಗ ಕೇಳುಗರಿಗೆ ಅದನ್ನು ಹಿಡಿದಿಟ್ಟುಕೊಳ್ಳುವ ದಾರಿಯೇ ಇರಲಿಲ್ಲ. ಸ್ಪೂಲ್ ಟೇಪ್ ರೆಕಾರ್ಡರ್ ಇದ್ದದ್ದು ಬೆರಳೆಣಿಕೆಯ ಮನೆಗಳಲ್ಲಿ. ಕೆಂಪು ಗುಂಡಿಯನ್ನು ಸಾಮಾನ್ಯರ ಕೈಗೆ ಕೊಟ್ಟದ್ದು ಕ್ಯಾಸೆಟ್. 1978ರಲ್ಲಿ ‘ನಿತ್ಯೋತ್ಸವ’ ಬಂದ ಮೇಲೆ ಭಾವಗೀತೆ ಕ್ಯಾಸೆಟ್ ಮೂಲಕ ಮನೆಮನೆಗೆ ಹೋಯಿತು. ಅದೇ ಹೊತ್ತಿಗೆ ಗಲ್ಫಿನಿಂದ ಬಂದವರ ಟೂ-ಇನ್-ಒನ್‌ಗಳು, ಅಂದರೆ ರೇಡಿಯೋ ಮತ್ತು ಕ್ಯಾಸೆಟ್ ರೆಕಾರ್ಡರ್ ಒಂದರಲ್ಲೇ ಇರುವ ಪೆಟ್ಟಿಗೆಗಳು, ಕರಾವಳಿಯ ಯಕ್ಷಗಾನದ ಆಟದ ಗದ್ದೆಗಳಲ್ಲಿ ರಂಗಸ್ಥಳದ ಪಕ್ಕ ಕೂತವು.

1982ರಲ್ಲಿ ಬಂದ ಸಿಡಿಯಲ್ಲಿ ದನಿ ಸ್ವಚ್ಛವಾಯಿತು, ಆದರೆ ಮನೆಯವರ ಕೈಯಿಂದ ಗುಂಡಿ ಮತ್ತೆ ತಪ್ಪಿತು. ಕಂಪ್ಯೂಟರಿನಲ್ಲಿ ಸಿಡಿ ಬರೆಯುವ ಕಾಲ ಬರುವವರೆಗೂ ಹಾಗೇ ಇತ್ತು. ನಂತರ ಎಂಪಿ3 ಬಂತು. 700 ಎಂಬಿಯ ಒಂದು ತಟ್ಟೆಯಲ್ಲಿ, 128 ಕೆಬಿಪಿಎಸ್ ಲೆಕ್ಕದಲ್ಲಿ, ಐದೈದು ನಿಮಿಷದ 150ರಷ್ಟು ಹಾಡು ಹಿಡಿದವು. ಈಗ ಹಾಡು ಕಂಪನಿಯ ಸರ್ವರ್‌ನಲ್ಲಿದೆ, ನಮ್ಮ ಹತ್ತಿರ ಇರುವುದು ಕೇಳುವ ಅನುಮತಿ. ಪ್ರತಿ ಸಲ ಮಾಧ್ಯಮ ಬದಲಾದಾಗಲೂ ಮಾರಾಟಕ್ಕಿದ್ದ ಸರಕು ಹೊಸ ಮಾಧ್ಯಮಕ್ಕೆ ದಾಟಿದೆ. ಮನೆಯ ಸರಕನ್ನು ದಾಟಿಸುವವರು ಯಾರೂ ಇಲ್ಲ, ಮನೆಯವರೇ ದಾಟಿಸಬೇಕು.

ನೂರಾರು ಕ್ಯಾಸೆಟ್ ಇವೆ. ಎಲ್ಲಿಂದ ಶುರು ಮಾಡಲಿ?

ಮನುಷ್ಯರ ದನಿ ಇರುವ, ಮನೆಯಲ್ಲಿ ರೆಕಾರ್ಡ್ ಆದದ್ದು ಮೊದಲು. ಅದರಲ್ಲೂ ಸಿ-120, ಅಂದರೆ ಎರಡೂ ಬದಿ ಸೇರಿ 120 ನಿಮಿಷದ್ದು ಇದ್ದರೆ ಎಲ್ಲಕ್ಕಿಂತ ಮುಂಚೆ. ಸಿ-60ರ ಟೇಪ್ ಸುಮಾರು 18 ಮೈಕ್ರಾನ್ ದಪ್ಪ ಇದ್ದರೆ ಸಿ-90ರದ್ದು 12, ಸಿ-120ರದ್ದು 9 ಮಾತ್ರ. ತೆಳುವಾದಷ್ಟೂ ಹಿಗ್ಗುತ್ತದೆ, ರೋಲರ್‌ಗೆ ಸುತ್ತಿಕೊಳ್ಳುತ್ತದೆ. ಎರಡನೆಯ ಸರದಿ ಆಟ, ತಾಳಮದ್ದಳೆ, ಭಜನೆ, ಭಾಷಣದ್ದು. ರೇಡಿಯೋದಿಂದ ಹಿಡಿದದ್ದು ಮೂರನೆಯದು. ಅಂಗಡಿಯ ಕ್ಯಾಸೆಟ್ ಕೊನೆಗೆ.

ಲೇಬಲ್ ನೋಡಿ ಮೋಸಹೋಗಬೇಡಿ. ಚಿತ್ರಗೀತೆಯ ಕ್ಯಾಸೆಟ್‌ನ ಕಿವಿ, ಅಂದರೆ ಬೆನ್ನಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ಚೂರು ಇದ್ದ ಜಾಗದ ತೂತಿಗೆ ಸೆಲ್ಲೋಟೇಪ್ ಅಂಟಿಸಿದ್ದರೆ, ಅದರ ಮೇಲೆ ಯಾರೋ ಬೇರೇನೋ ರೆಕಾರ್ಡ್ ಮಾಡಿದ್ದಾರೆ ಎಂದರ್ಥ. ಅದು ಮೊದಲ ರಾಶಿಗೆ ಬರಬೇಕು.

ಏನಿದೆ ಅಂತ ಸುಮ್ಮನೆ ಹಾಕಿ ಕೇಳಿ ನೋಡಬಹುದೇ?

ಬೇಡ. ದುರ್ಬಲ ಟೇಪ್ ಒಂದೇ ಸಲ ಸರಿಯಾಗಿ ಓಡೀತು. ಆ ಒಂದು ಸಲ ಕಂಪ್ಯೂಟರ್ ರೆಕಾರ್ಡ್ ಮಾಡುತ್ತಿರಲಿ. ಅದಕ್ಕೂ ಮುಂಚೆ ಬೆಳಕಿನಲ್ಲಿ ಹಿಡಿದು ನೋಡಬೇಕಾದದ್ದು ಇಷ್ಟಿದೆ.

ಎರಡೂ ಕಿವಿ ಮುರಿದಿವೆಯೇ? ಇಲ್ಲದಿದ್ದರೆ ಈಗಲೇ ಮುರಿಯಿರಿ. ಒಂದು ತಪ್ಪು ಗುಂಡಿಗೆ ನಲವತ್ತು ವರ್ಷದ ದನಿ ಅಳಿಸಿಹೋಗುತ್ತದೆ.

ಟೇಪ್ ಕಾಣುವ ಬಾಯಿಯ ನಡುವೆ ತಾಮ್ರದ ಬಣ್ಣದ ತೆಳು ಪಟ್ಟಿ, ಅದರ ಮೇಲೆ ಹೆಸರುಬೇಳೆಗಿಂತ ಸ್ವಲ್ಪ ದೊಡ್ಡ ಫೆಲ್ಟ್ ತುಂಡು ಇರುತ್ತದೆ. ಟೇಪನ್ನು ಹೆಡ್‌ಗೆ, ಅಂದರೆ ಪ್ಲೇಯರಿನಲ್ಲಿ ದನಿಯನ್ನು ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ಹಳೆಯ ಕ್ಯಾಸೆಟ್‌ಗಳಲ್ಲಿ ಅದರ ಗೋಂದು ಒಣಗಿ ಫೆಲ್ಟ್ ಉದುರಿಹೋಗಿರುತ್ತದೆ. ಆಗ ದನಿ ದೂರದಿಂದ ಬಂದಂತೆ, ತೇಲಿದಂತೆ ಕೇಳುತ್ತದೆ, ಜನ ಟೇಪೇ ಹಾಳಾಗಿದೆ ಎಂದು ಎಸೆದುಬಿಡುತ್ತಾರೆ. ಬೇಡದ ಕ್ಯಾಸೆಟ್‌ನಿಂದ ಪಟ್ಟಿ ಸಮೇತ ಫೆಲ್ಟ್ ತೆಗೆದು ಇದಕ್ಕೆ ಹಾಕಿದರೆ ಸಾಕು.

ಪೆನ್ಸಿಲ್ ಹಾಕಿ ಎರಡೂ ಗಾಲಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಅಂಗೈ ಮೇಲೆ ಮೆಲ್ಲಗೆ ಒಂದೆರಡು ಸಲ ತಟ್ಟಿ. ಆಗಲೂ ಬಿಗಿ ಇದ್ದರೆ ಡಬ್ಬಿ ಬದಲಿಸಬೇಕು. ಐದು ತಿರುಪಿನ ಡಬ್ಬಿಯನ್ನು ಬಿಚ್ಚಬಹುದು. ಅಂಟಿಸಿ ಮುಚ್ಚಿದ್ದನ್ನು ಅಂಚಿನ ಗೆರೆಯಲ್ಲಿ ಬ್ಲೇಡು ತೂರಿಸಿ ಸೀಳಬೇಕು, ಟೇಪ್ ಇರುವ ಕಡೆ ಆಳಕ್ಕೆ ಹೋಗಬಾರದು.

ಟೇಪಿನ ಮೇಲೆ ಬಿಳಿ ಬೂಷ್ಟು ಕಾಣುತ್ತಿದೆ.

ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಇದು ಬಾರದೇ ಇರುವುದೇ ಅಪರೂಪ. ಬೂಷ್ಟು ಹಿಡಿದ ಟೇಪನ್ನು ಪ್ಲೇಯರಿಗೆ ಹಾಕಲೇಬಾರದು, ಅದು ಹೆಡ್‌ಗೆ ಅಂಟಿ ಮುಂದಿನ ಒಳ್ಳೆ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಮೊದಲು ಒಣಗಬೇಕು: ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಎರಡು ಮೂರು ವಾರ ಇಡಿ. ಬಿಸಿಲಿಗೆ ಇಡಬೇಡಿ. ಅನ್ನದ ಕುಕ್ಕರ್, ಹೇರ್ ಡ್ರೈಯರ್ ಕೂಡ ಬೇಡ. ಒಣಗಿದ ಮೇಲೆ ಎನ್95 ಮುಖಗವಸು ಹಾಕಿಕೊಂಡು, ಮನೆಯ ಹೊರಗೆ ಕೂತು, ಡಬ್ಬಿ ಬಿಚ್ಚಿ, ಸುರುಳಿಯ ಅಂಚನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ, ಹೊಸ ತಿರುಪಿನ ಡಬ್ಬಿಗೆ ಹಾಕಿ. ಆಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು.

ಯಾವ ಪ್ಲೇಯರ್ ಬಳಸಬೇಕು? ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಸಾಕಾಗುವುದಿಲ್ಲವೇ?

ಮಾತು ಏನೆಂದು ತಿಳಿದರೆ ಸಾಕು ಎನ್ನುವುದಾದರೆ ಸಾಕು. ಸಂಗೀತಕ್ಕೆ ಸಾಲದು. ಅವುಗಳ ಮೋಟಾರಿನ ವೇಗ ಅಲುಗಾಡುತ್ತದೆ, ಉದ್ದಕ್ಕೆ ಎಳೆದ ಸ್ವರ ನಡುಗುತ್ತದೆ. ಒಳಗಿನ ಡಿಜಿಟಲ್ ಚಿಪ್ಪಿನದ್ದೇ ಗುಯ್ ಸದ್ದು ಸೇರಿಕೊಳ್ಳುತ್ತದೆ.

ಒಳ್ಳೆಯ ದಾರಿ ಎಂದರೆ ಹಳೆಯದೊಂದು ಕ್ಯಾಸೆಟ್ ಡೆಕ್, ಅದಕ್ಕೆ ಹೊಸ ಬೆಲ್ಟ್. ರಬ್ಬರ್ ಬೆಲ್ಟ್ ಇಪ್ಪತ್ತು ವರ್ಷದಲ್ಲಿ ಸಡಿಲವಾಗುತ್ತದೆ, ಕೆಲವು ಟಾರಿನಂತೆ ಕರಗಿ ಅಂಟಿಕೊಳ್ಳುತ್ತವೆ. ಡೆಕ್‌ನ ಲೈನ್-ಔಟ್‌ನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪುಟ್ಟ ಪೆಟ್ಟಿಗೆಯ ಲೈನ್-ಇನ್‌ಗೆ ತಂತಿ ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಡಬೇಡಿ, ಅದು ಸಾಮಾನ್ಯವಾಗಿ ಮೋನೋ, ಮೇಲಾಗಿ ಲೈನ್-ಔಟ್‌ನ ಜೋರಾದ ಸಿಗ್ನಲ್‌ಗೆ ಅದರಲ್ಲಿ ದನಿ ಒಡೆದುಹೋಗುತ್ತದೆ. ಡೆಕ್ ಸಿಗದೆ ಟೂ-ಇನ್-ಒನ್ ಒಂದೇ ಇದ್ದರೆ ಇಯರ್‌ಫೋನ್ ತೂತಿನಿಂದ ತೆಗೆಯಬಹುದು: ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ, ಬಾಸ್-ಟ್ರೆಬಲ್ ನಡುವಿನಲ್ಲಿ.

ಪ್ರತಿ ನಾಲ್ಕೈದು ಕ್ಯಾಸೆಟ್‌ಗೊಮ್ಮೆ ಹೆಡ್ ಮತ್ತು ಅದರ ಪಕ್ಕದ ಉಕ್ಕಿನ ಕಡ್ಡಿಯನ್ನು 99% ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಂತಾಗ ಸಾಕು. ರಬ್ಬರ್ ರೋಲರನ್ನು ಆಲ್ಕೋಹಾಲ್ ಒಣಗಿಸುತ್ತದೆ, ಅದಕ್ಕೆ ಸೋಪಿನ ನೀರು ಸಾಕು.

ಎಲ್ಲ ಸರಿ ಇದ್ದರೂ ದನಿ ಕಂಬಳಿ ಹೊದ್ದಂತೆ ಮಂಕಾಗಿದೆ. ಯಾಕೆ?

ನೂರಕ್ಕೆ ತೊಂಬತ್ತು ಜನ ಬಿಟ್ಟುಬಿಡುವ ಹೆಜ್ಜೆ ಇದು, ಆದರೆ ಇಡೀ ಕೆಲಸದಲ್ಲಿ ಇದರಷ್ಟು ಫಲ ಕೊಡುವ ಹೆಜ್ಜೆ ಇನ್ನೊಂದಿಲ್ಲ. ಹೆಡ್‌ನಲ್ಲಿರುವ ಕೂದಲೆಳೆಗಿಂತ ಸಣ್ಣ ಸೀಳು ಟೇಪಿಗೆ ನೇರ ಲಂಬವಾಗಿರಬೇಕು. ಇದಕ್ಕೆ ಅಜಿಮತ್ ಎನ್ನುತ್ತಾರೆ. ರೆಕಾರ್ಡ್ ಮಾಡಿದ ಟೂ-ಇನ್-ಒನ್‌ನ ಹೆಡ್ ಸ್ವಲ್ಪ ವಾಲಿತ್ತು ಎಂದುಕೊಳ್ಳಿ. ಟೇಪಿನ ಮೇಲೆ ದನಿಯೂ ಅದೇ ಓರೆಯಲ್ಲಿ ಬರೆದಿರುತ್ತದೆ. ನಿಮ್ಮ ಡೆಕ್ ಎಷ್ಟೇ ನೇರವಾಗಿದ್ದರೂ, ಅದು ಓರೆಯಾದದ್ದನ್ನು ನೇರವಾಗಿ ಓದಲು ಹೋಗಿ ತೀಕ್ಷ್ಣ ಸದ್ದುಗಳನ್ನೆಲ್ಲ ಕಳೆದುಕೊಳ್ಳುತ್ತದೆ. ಆದ್ದರಿಂದ ಡೆಕ್ಕನ್ನು ಆ ಟೇಪಿನ ಓರೆಗೆ ಹೊಂದಿಸಬೇಕು.

ಹೆಡ್‌ನ ಎರಡೂ ಬದಿಗೆ ಪುಟ್ಟ ತಿರುಪುಗಳಿರುತ್ತವೆ. ಸ್ಪ್ರಿಂಗ್ ಇರುವುದು ಅಜಿಮತ್ ತಿರುಪು. ಈಗಿರುವ ಜಾಗಕ್ಕೆ ಉಗುರು ಬಣ್ಣದಿಂದ ಗುರುತು ಹಾಕಿ. ಟೇಪ್ ಓಡಲಿ, ಕೇಳುವುದನ್ನು ಮೋನೋಗೆ ಇಡಿ, ಅಯಸ್ಕಾಂತ ಹಿಡಿಯದ ಸ್ಕ್ರೂಡ್ರೈವರ್‌ನಿಂದ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ. ಕಿವಿಯನ್ನು ‘ಸ’, ‘ಶ’ ಅಕ್ಷರಗಳ ಮೇಲಿಡಿ, ಆಟವಾದರೆ ಜಾಗಟೆಯ ಅಂಚಿನ ಮೇಲೆ. ಒಂದು ಬಿಂದುವಿನಲ್ಲಿ ಕಂಬಳಿ ಸರಿದಂತೆ ದನಿ ಥಟ್ಟನೆ ತೆರೆದುಕೊಳ್ಳುತ್ತದೆ, ಸ್ವಲ್ಪ ಮುಂದೆ ಹೋದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ತೆರೆದ ಬಿಂದುವಿಗೆ ಮರಳಿ ನಿಲ್ಲಿಸಿ. ಬಿ ಬದಿಗೆ ತಿರುಗಿಸಿದಾಗ ಮತ್ತೆ ಹೊಂದಿಸಬೇಕಾಗುತ್ತದೆ. ಇದನ್ನು ರೆಕಾರ್ಡ್ ಮಾಡುವ ಮುಂಚೆಯೇ ಮಾಡಬೇಕು, ಇಲ್ಲಿ ಕಳೆದುಹೋದ ತೀಕ್ಷ್ಣತೆಯನ್ನು ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಪೂರ್ತಿ ತರಲಾಗದು. ದುರ್ಬಲ ಟೇಪ್ ಆದರೆ ಈ ಹೊಂದಾಣಿಕೆಗೆ ಮೊದಲ ಒಂದೆರಡು ನಿಮಿಷ ಮಾತ್ರ ಬಳಸಿ, ರೆಕಾರ್ಡಿಂಗ್ ಆನ್ ಇರಲಿ.

ಟೇಪಿನ ಹಿಸ್ ಸದ್ದು ತಗ್ಗಿಸಲು ಡೆಕ್‌ನಲ್ಲಿರುವ ಡಾಲ್ಬಿ ಗುಂಡಿ ಆನ್ ಇರಬೇಕೇ?

ಮನೆಯಲ್ಲಿ ಟೂ-ಇನ್-ಒನ್‌ನಿಂದ ಮಾಡಿದ್ದಕ್ಕೆ ಆಫ್. ಡಾಲ್ಬಿ ಗುರುತು ಅಚ್ಚಾಗಿರುವ ಕಂಪನಿ ಕ್ಯಾಸೆಟ್‌ಗೆ ಆನ್.

ಕಂಪ್ಯೂಟರಿನಲ್ಲಿ ಯಾವ ಸೆಟ್ಟಿಂಗ್?

ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ, ವೇವ್ ಫೈಲ್. ಒಂದು ಗಂಟೆಗೆ 1 ಜಿಬಿಗಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ. ಒಂದು ಸಿ-90ಕ್ಕೆ ಒಂದೂವರೆ ಜಿಬಿ ಚಿಲ್ಲರೆ. ಮಟ್ಟದ ಮೀಟರಿನಲ್ಲಿ ಅತಿ ಜೋರಾದ ಸದ್ದು ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ನಿಲ್ಲಬೇಕು. ಭಾಗವತರ ಪದಕ್ಕೆ ಮಟ್ಟ ಹೊಂದಿಸಿ ಎದ್ದು ಹೋದರೆ ಚಂಡೆ ಬಂದಾಗ ಸೊನ್ನೆ ದಾಟಿ ಒಡೆಯುತ್ತದೆ. ಆ ಒಡಕು ಫೈಲಿನಲ್ಲಿ ಶಾಶ್ವತ, ಹಾಗಾಗಿ ಜೋರಾದ ಭಾಗಕ್ಕೇ ಹೊಂದಿಸಿ.

ಶುರು ಮಾಡುವ ಮುಂಚೆ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿಸಿ, ವರ್ಷಗಟ್ಟಲೆ ಅಂಟಿದ ಸುತ್ತುಗಳು ಬಿಡಿಸಿಕೊಳ್ಳುತ್ತವೆ. ರೆಕಾರ್ಡಿಂಗ್ ನಡೆಯುವಾಗ ಲ್ಯಾಪ್‌ಟಾಪಿನ ಚಾರ್ಜರ್‌ನಿಂದ ಗುಂಯ್‌ಗುಟ್ಟುವ ಸದ್ದು ಬಂದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಒಂದು ಬದಿಯನ್ನು ನಿಲ್ಲಿಸದೆ ಒಂದೇ ಫೈಲಾಗಿ ತೆಗೆಯಿರಿ, ಖಾಲಿ ಎನಿಸಿದರೂ ಕೊನೆಯವರೆಗೆ ಓಡಲಿ. ಹಾಡು ಮುಗಿದು ಹತ್ತು ನಿಮಿಷದ ಮೌನದ ನಂತರ ಮನೆಯವರ ಮಾತು ಸಿಗುವುದುಂಟು.

ಕ್ಯಾಸೆಟ್ ಮುಂದೆ ಹೋದಂತೆ ಶ್ರುತಿ ಏರುತ್ತಾ ಹೋಗುತ್ತದೆ. ಡೆಕ್ ಕೆಟ್ಟಿದೆಯೇ?

ಬೇರೆ ಕ್ಯಾಸೆಟ್ ಸರಿಯಾಗಿ ಓಡುತ್ತಿದ್ದರೆ ತಪ್ಪು ಡೆಕ್‌ನದ್ದಲ್ಲ. ಸೆಲ್ ಹಾಕಿ ರೆಕಾರ್ಡ್ ಮಾಡಿದ ಟೇಪ್ ಅದು. ಸೆಲ್ ಇಳಿದಂತೆ ಮೋಟಾರು ನಿಧಾನವಾಗಿದೆ, ಕಡಿಮೆ ಟೇಪಿನಲ್ಲಿ ಹೆಚ್ಚು ದನಿ ತುಂಬಿದೆ. ಈಗ ಸರಿಯಾದ ವೇಗದಲ್ಲಿ, ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಿಸಿದಾಗ ಹಾಡು ಅವಸರವಾಗಿ, ಏರು ಶ್ರುತಿಯಲ್ಲಿ ಕೇಳುತ್ತದೆ. ಮೂಲ ಫೈಲನ್ನು ಹಾಗೇ ಬಿಟ್ಟು, ಪ್ರತಿಯಲ್ಲಿ ಆಡಾಸಿಟಿಯ ವೇಗ ಬದಲಿಸುವ ಸಾಧನದಿಂದ ಐದೈದು ನಿಮಿಷದ ತುಂಡುಗಳಾಗಿ ಸರಿಪಡಿಸಿ. ಶ್ರುತಿ ಪೆಟ್ಟಿಗೆ ಅಥವಾ ಹಾರ್ಮೋನಿಯಂ ದನಿಯೇ ಅಳತೆಗೋಲು: ಶುರುವಿನಲ್ಲಿ ಎಷ್ಟಿತ್ತೋ ಕೊನೆಯಲ್ಲೂ ಅಷ್ಟೇ ಇರಬೇಕು. ಹಾಡುಗಾರರು ಯಾವ ಮನೆಯಲ್ಲಿ, ಅಂದರೆ ಹಾರ್ಮೋನಿಯಂನ ಯಾವ ಮನೆಯ ಶ್ರುತಿಗೆ ಹಾಡುತ್ತಿದ್ದರು, ಕಪ್ಪು ಎರಡೋ ಬಿಳಿ ಒಂದೋ ಎಂದು ಬಲ್ಲವರು ಸಿಕ್ಕರೆ ಇನ್ನೂ ಒಳ್ಳೆಯದು.

ಹಿಸ್ ಸದ್ದು ತೆಗೆಯಬೇಕಲ್ಲ?

ಪೂರ್ತಿ ತೆಗೆಯುವ ಆಸೆ ಬೇಡ. ಈ ತಂತ್ರಾಂಶಗಳು ಒಂದೇ ಸಮನೆ ಇರುವ ಸದ್ದನ್ನು ಗದ್ದಲ ಎಂದು ಎಣಿಸುತ್ತವೆ. ತಂಬೂರಿಯೂ ಒಂದೇ ಸಮನೆ ಇರುವ ಸದ್ದೇ. ಹಾಡು ಶುರುವಾಗುವ ಮುಂಚಿನ ತುಣುಕನ್ನು ಮಾದರಿಯಾಗಿ ಕೊಟ್ಟರೆ, ಅದರಲ್ಲಿ ಶ್ರುತಿ ಇದ್ದರೆ, ಇಡೀ ಹಾಡಿನ ಶ್ರುತಿಯನ್ನೇ ಅದು ತಿಂದುಹಾಕುತ್ತದೆ. ಶ್ರುತಿಯೂ ಇಲ್ಲದ, ಬರೀ ಟೇಪಿನ ಸದ್ದಿರುವ ಎರಡು ಮೂರು ಸೆಕೆಂಡನ್ನು ಮಾತ್ರ ಮಾದರಿ ಕೊಡಿ, 6 ಡಿಬಿ ತಗ್ಗಿಸಿ ನಿಲ್ಲಿಸಿ. ದನಿ ನೀರೊಳಗಿಂದ ಬಂದಂತೆ ಗುಳುಗುಳು ಎನ್ನತೊಡಗಿದರೆ ಅತಿಯಾಗಿದೆ. ಹಿನ್ನೆಲೆಯಲ್ಲಿ ಕೂಗುವ ಕಾಗೆ, ಪಾತ್ರೆ ಸದ್ದು, ಮಗುವಿನ ಅಳು ಇವೆಲ್ಲ ಗದ್ದಲವಲ್ಲ, ಅಂದಿನ ಮನೆ.

ಟೇಪ್ ತುಂಡಾಗಿದೆ.

ಸೆಲ್ಲೋಟೇಪ್ ಹಾಕಬೇಡಿ. ಅದರ ಗೋಂದು ಸೆಖೆಗೆ ಒಸರಿ ಪಕ್ಕದ ಸುತ್ತುಗಳನ್ನೂ ಅಂಟಿಸುತ್ತದೆ. ಕ್ಯಾಸೆಟ್‌ಗೆಂದೇ 3.81 ಮಿಲಿಮೀಟರ್ ಅಗಲದ ಸ್ಪ್ಲೈಸಿಂಗ್ ಟೇಪ್ ಸಿಗುತ್ತದೆ. ಎರಡೂ ತುದಿಯನ್ನು ಒಂದರ ಮೇಲೊಂದು ಇಟ್ಟು 45 ಡಿಗ್ರಿ ಓರೆಯಲ್ಲಿ ಕತ್ತರಿಸಿ, ತುದಿಗೆ ತುದಿ ತಾಗಿಸಿ, ಬೆನ್ನಿನ ಕಡೆ, ಅಂದರೆ ಹೆಡ್‌ಗೆ ತಾಗದ ಕಡೆ ಅಂಟಿಸಿ. ಸುಕ್ಕಾದ ಭಾಗವನ್ನು ಕತ್ತರಿಸಿ ಎಸೆಯಬೇಡಿ. ಒಂದು ಸೆಂಟಿಮೀಟರ್ ಟೇಪಿನಲ್ಲಿ ಐದನೇ ಒಂದು ಸೆಕೆಂಡಿನ ದನಿ ಇದೆ, ಒಂದಕ್ಷರಕ್ಕೆ ಅಷ್ಟು ಸಾಕು.

78 ಸುತ್ತಿನ ಪ್ಲೇಟುಗಳೂ ಇವೆ. ಹೇಗೆ ತೊಳೆಯುವುದು?

ಅವು ಅರಗಿನಿಂದ ಮಾಡಿದವು. ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ, ಒಂದು ಹನಿಯೂ ಬೇಡ. ತಣ್ಣನೆಯ ಶುದ್ಧೀಕರಿಸಿದ ನೀರು, ಮೆತ್ತನೆಯ ಬ್ರಷ್, ಲೇಬಲ್ ನೆನೆಯದಂತೆ ಎಚ್ಚರ. ಎಲ್‌ಪಿಯ ಮುಳ್ಳನ್ನು ಇದಕ್ಕೆ ಬಳಸಬಾರದು: 78ರ ಗೀರು ಅಗಲ, ಅದಕ್ಕೆ ಸುಮಾರು 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ) ಮುಳ್ಳು ಬೇಕು, ಎಲ್‌ಪಿಯದ್ದು 1 ಮಿಲ್ ಆಸುಪಾಸು. ಸಣ್ಣ ಮುಳ್ಳು ಗೀರಿನ ತಳದಲ್ಲಿ ಓಡಿ ಬರೀ ಕರಕರ ಸದ್ದು ಕೊಡುತ್ತದೆ. ಪ್ಲೇಟನ್ನು ನಿಲ್ಲಿಸಿಯೇ ಇಡಿ.

ಫೈಲ್ ಆದ ಮೇಲೆ ಏನು ಬರೆದಿಡಬೇಕು?

ದನಿ ಉಳಿದು, ಯಾರ ದನಿ ಎಂಬುದು ಮರೆತರೆ ಅರ್ಧ ಕೆಲಸ ವ್ಯರ್ಥ. ಕ್ಯಾಸೆಟ್ ಮೇಲೆ ‘ಗದಾಪರ್ವ 2’ ಎಂದಷ್ಟೇ ಬರೆದಿರುತ್ತದೆ. ಯಾವ ಊರು, ಯಾವ ಮೇಳ, ಭಾಗವತರು ಯಾರು, ರೆಕಾರ್ಡ್ ಮಾಡಿದವರು ಯಾರು ಎಂಬುದು ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಅವರ ಮುಂದೆ ಕೂತು ಫೈಲ್ ಹಾಕಿ, ಫೋನಿನಲ್ಲಿ ಅವರ ಮಾತನ್ನೂ ರೆಕಾರ್ಡ್ ಮಾಡಿಕೊಳ್ಳಿ: ಇದು ಯಾರ ದನಿ, ಆಗ ನಕ್ಕವರು ಯಾರು. ಇಡೀ ಕೆಲಸದಲ್ಲಿ ಮುಂದೂಡಲಾಗದ ಭಾಗ ಇದೊಂದೇ. ಡಬ್ಬಿಯೊಳಗಿನ ಚೀಟಿಯ ಎರಡೂ ಬದಿ ಫೋಟೋ ತೆಗೆಯಿರಿ. ಫೈಲಿಗೆ ವರ್ಷ, ಕ್ಯಾಸೆಟ್ ಸಂಖ್ಯೆ, ಬದಿ ಬರುವಂತೆ ಹೆಸರಿಡಿ, ಅದೇ ಸಂಖ್ಯೆಯನ್ನು ಕ್ಯಾಸೆಟ್ ಡಬ್ಬಿಯ ಮೇಲೂ ಪೆನ್ಸಿಲಿನಲ್ಲಿ ಬರೆಯಿರಿ.

ಎಲ್ಲಿ ಇಡಬೇಕು? ಪೆನ್‌ಡ್ರೈವ್ ಸಾಕೇ?

ಪೆನ್‌ಡ್ರೈವ್ ಸಾಗಿಸುವುದಕ್ಕೆ, ಇಡುವುದಕ್ಕಲ್ಲ. ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ. ಜಾಗ ಕಡಿಮೆ ಇದ್ದರೆ ವೇವ್ ಬದಲು ಫ್ಲ್ಯಾಕ್ ಮಾಡಿ, ದನಿ ಒಂದಿಷ್ಟೂ ಕಳೆಯದೆ ಗಾತ್ರ ಸಾಕಷ್ಟು ಇಳಿಯುತ್ತದೆ. ಎಂಪಿ3 ಹಂಚುವುದಕ್ಕೆ ಮಾತ್ರ. ವಾಟ್ಸಾಪಿನಲ್ಲಿ ಮೂಲ ಫೈಲ್ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ.

ಯೂಟ್ಯೂಬಿಗೆ ಹಾಕಬಹುದೇ?

ಭಾರತದ ಕಾಯ್ದೆಯಂತೆ ಪ್ರಕಟವಾದ ಧ್ವನಿಮುದ್ರಣದ ಹಕ್ಕು, ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ, ಅದು ರಚಿಸಿದವರು ತೀರಿಕೊಂಡ ನಂತರವೂ 60 ವರ್ಷ. ನೀವೇ ರೆಕಾರ್ಡ್ ಮಾಡಿದ ಆಟ, ಕಛೇರಿಯಲ್ಲೂ ಕಲಾವಿದರಿಗೆ 50 ವರ್ಷದ ಪ್ರದರ್ಶಕರ ಹಕ್ಕಿದೆ. ಕಲಾವಿದರನ್ನು, ಅವರಿಲ್ಲದಿದ್ದರೆ ಮನೆಯವರನ್ನು ಕೇಳಿ ಹಾಕಿ. ಎಷ್ಟೋ ಸಲ ತಮ್ಮ ತಂದೆಯ ದನಿ ಅವರ ಹತ್ತಿರವೇ ಇರುವುದಿಲ್ಲ, ಮೊದಲ ಪ್ರತಿ ಅವರಿಗೆ ಕೊಡಿ. ಜನಪದ ಹಾಡು, ಆಟ, ಹಳೆಯ ಕಛೇರಿಗಳ ದೊಡ್ಡ ಸಂಗ್ರಹವಿದ್ದರೆ ರಾಮನಗರದ ಜಾನಪದ ಲೋಕ, ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗೀತ ದಾಖಲೆ ಕೇಂದ್ರದಂಥ ಸಂಸ್ಥೆಗಳನ್ನು ಕೇಳಿ ನೋಡಬಹುದು.

ಫೈಲ್ ಆಯಿತು, ಇನ್ನು ಕ್ಯಾಸೆಟ್ ಎಸೆಯಲೇ?

ಎಸೆಯಬೇಡಿ. ಅಜಿಮತ್ ತಪ್ಪಿತ್ತು, ಮಟ್ಟ ಜಾಸ್ತಿಯಾಗಿತ್ತು ಎಂದು ವರ್ಷದ ಮೇಲೆ ಗೊತ್ತಾದರೆ ಮತ್ತೆ ತೆಗೆಯಲು ಅದೇ ಬೇಕು. ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ಲೇ ವೇಗದಲ್ಲೇ ಓಡಿಸಿ ನಿಲ್ಲಿಸಿ, ಫಾಸ್ಟ್ ಫಾರ್ವರ್ಡ್‌ನಲ್ಲಿ ಸುತ್ತಿದರೆ ಸುರುಳಿ ಏರುಪೇರಾಗುತ್ತದೆ. ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ಸ್ಪೀಕರಿನಿಂದ ದೂರ, ಅಡುಗೆಮನೆಯ ಗೋಡೆಗೆ ತಾಗದಂತೆ ಇಡಿ. ಮಳೆಗಾಲದ ಊರಾದರೆ ಮುಚ್ಚಳ ಬಿಗಿಯಾದ ಡಬ್ಬ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಯಿಸುವ ಜೆಲ್ ತಂದರೆ ಒಣಗಿಸುವ ಹೊತ್ತು ಯಾವಾಗ ಎಂದು ಹೊರಗಿಂದಲೇ ಕಾಣುತ್ತದೆ. ಅಟ್ಟಕ್ಕೆ ಮಾತ್ರ ವಾಪಸ್ ಹಾಕಬೇಡಿ, ಹಂಚಿನ ಕೆಳಗಿನ ಬೇಸಿಗೆಯೇ ಅವನ್ನು ಹಾಳು ಮಾಡಿದ್ದು.